ಎಂಜಿನ್ನಿನ ಹಣೆಯ ಮೇಲಿನ ಆರು

ರೈಲು ಎಂಜಿನ್ನಿನ ನಂಬರಿನ ಬಗ್ಗೆ ಬರೆದದ್ದು ಸಾಹಿತ್ಯ ಸಂಘದ ಪತ್ರಿಕೆಗೆ ಹೇಗೆ ಒಗ್ಗುತ್ತದೆ ಎಂದು ಸಂಪಾದಕರು ಕೇಳುವ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹೆಸರಿಡುವುದು ಭಾಷೆಯ ಕೆಲಸ. ಮಗುವಿಗಾಗಲಿ, ಊರಿಗಾಗಲಿ, ನೂರಾರು ಟನ್ ಎಳೆಯುವ ಯಂತ್ರಕ್ಕಾಗಲಿ ಹೆಸರು ಇಟ್ಟವನು ಅದನ್ನು ಓದುವವನಿಗೆ ಒಂದು ಮಾತು ಕೊಟ್ಟಂತೆ. ಆ ಮಾತು ನಡೆದಿದೆಯೋ ಇಲ್ಲವೋ ಎಂದು ಕೇಳುವ ಹಕ್ಕು ನಮ್ಮಂಥ ಓದುಗರಿಗೆ ಇದ್ದೇ ಇದೆ. ಇಷ್ಟು ಸಾಕು, ವಿಷಯಕ್ಕೆ ಬರುತ್ತೇನೆ.

ಈ ಬೇಸಿಗೆ ರಜೆಯಲ್ಲಿ ನಾನು ಕಲ್ಕತ್ತದ ಕಸ್ಬಾದಲ್ಲಿದ್ದೆ. ಭಾವನಿಗೆ ಅಲ್ಲಿಗೆ ವರ್ಗವಾಗಿದೆ, ಅಕ್ಕನಿಗೆ ಜೊತೆ ಬೇಕಿತ್ತು, ನನಗೆ ಊಟ ಬೇಕಿತ್ತು. ನಮ್ಮ ಕಡೆ ಪ್ರತಿ ತಾಲ್ಲೂಕಿಗೂ ಒಂದು ಕಸಬಾ ಹೋಬಳಿ ಇರುತ್ತದಲ್ಲ, ನಾನು ಅರಸೀಕೆರೆ ಕಸಬಾ ಹೋಬಳಿಯವನು. ‘ಕಸಬಾದಿಂದ ಕಸ್ಬಾಕ್ಕೆ ಬಂದೆ ಕಣೋ’ ಅಂತ ಭಾವ ಮೊದಲ ದಿನವೇ ತಮಾಷೆ ಮಾಡಿದರು. ಎರಡೂ ಒಂದೇ ಪದ. ಆದರೆ ಅಲ್ಲಿಯ ಕಸ್ಬಾ ಹೋಬಳಿಯಲ್ಲ, ಮಹಾನಗರದ ಒಂದು ತುಂಡು. ಪಶ್ಚಿಮಕ್ಕೆ ಸಿಯಾಲ್ದಾ ದಕ್ಷಿಣ ವಿಭಾಗದ ಹಳಿಗಳು, ಆಚೆ ಬಾಲಿಗಂಜ್ ಮತ್ತು ಗರಿಯಾಹಾಟ್. ನಡುವೆ ಹಳಿಗಳ ಮೇಲೆ ಬಿಜನ್ ಸೇತು. ದಿನಾ ಸಂಜೆ ಆ ಸೇತುವೆ ಮೇಲೆ ನಿಂತು ಕೆಳಗೆ ಹೋಗುವ ಲೋಕಲ್ ಗಾಡಿಗಳನ್ನು ನೋಡುವುದೇ ನನ್ನ ಕೆಲಸವಾಗಿತ್ತು. ರೈಲಿನ ಹುಚ್ಚು ನನಗೆ ತಾತನಿಂದ ಬಂದದ್ದು. ಅವರು ಮೀಟರ್‌ಗೇಜ್ ಕಾಲದಲ್ಲಿ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು.

ಪಕ್ಕದ ಮನೆಯಲ್ಲಿ ನನ್ನದೇ ವಯಸ್ಸಿನ ಬಂಗಾಳಿ ಹುಡುಗ. ರೈಲ್ವೆ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದ. ನನ್ನ ಹರಕು ಹಿಂದಿ, ಅವನ ಹರಕು ಹಿಂದಿ ಸೇರಿ ಒಂದು ಪೂರ್ತಿ ಭಾಷೆ ಆಗುತ್ತಿತ್ತು. ಒಂದು ರಾತ್ರಿ ಇಬ್ಬರೂ ಬಾಲಿಗಂಜ್ ಸ್ಟೇಷನ್ನಿನಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಜಲ್ಲಿ ತುಂಬಿದ ವ್ಯಾಗನ್ನುಗಳನ್ನು ಎಳೆದುಕೊಂಡು ಒಂದು ಡೀಸೆಲ್ ಎಂಜಿನ್ ಬಂದು ನಿಂತಿತು. ಹಣೆಯ ಮೇಲೆ ಬರೆದಿತ್ತು: ಡಬ್ಲ್ಯು.ಡಿ.ಎಸ್.-6. ನಾನು ಜಂಬದಿಂದ ಹೇಳಿದೆ, ‘ಆರು ಅಂದರೆ ಆರು ಸಾವಿರ ಅಶ್ವಶಕ್ತಿ.’ ಅವನು ಬಿಡಲಿಲ್ಲ. ‘ಅಲ್ಲ, ಆರು ಸಿಲಿಂಡರ್’ ಅಂದ. ಸೋತವನು ಫುಚ್ಕಾ ಕೊಡಿಸಬೇಕು ಅಂತ ಪಂದ್ಯವಾಯಿತು. (ಫುಚ್ಕಾ ಅಂದರೆ ನಮ್ಮ ಪಾನಿಪುರಿಯ ಬಂಗಾಳಿ ನೆಂಟ.)

ಚಹಾ ಅಂಗಡಿಯ ಬೆಂಚಿನ ಮೇಲೆ ಒಬ್ಬ ಮುದುಕಪ್ಪ ಕೂತಿದ್ದರು. ನಿವೃತ್ತ ಶಂಟರ್ ಎಂದು ಆಮೇಲೆ ತಿಳಿಯಿತು. ನಮ್ಮ ಜಗಳ ಕೇಳಿ ನಕ್ಕುಬಿಟ್ಟರು. ಈ ಎಂಜಿನ್ನಿನ ಶಕ್ತಿ ಸುಮಾರು 1400 ಅಶ್ವಶಕ್ತಿ. ಇದಕ್ಕೆ ಆರು ಸಿಲಿಂಡರ್ ಇರುವುದು ನಿಜ, ಆದರೆ ಹೆಸರಿನ ಆರು ಸಿಲಿಂಡರಿನ ಆರಲ್ಲ. ಬ್ರಾಡ್‌ಗೇಜಿನ ಡೀಸೆಲ್ ಶಂಟಿಂಗ್ ಎಂಜಿನ್ನುಗಳಲ್ಲಿ ಇದು ಆರನೆಯ ಮಾದರಿ, ಅದಕ್ಕೇ ಆರು. ‘ಇಬ್ಬರೂ ಸೋತಿರಿ’ ಅಂದರು.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾಕೆಂದರೆ ನಾನು ಊಹೆ ಮಾಡಿ ಹೇಳಿದ್ದಲ್ಲ, ನಿಯಮ ಓದಿಕೊಂಡೇ ಹೇಳಿದ್ದೆ. ಆ ನಿಯಮ ಏನು, ಅದು ನನಗೆ ಹೇಗೆ ಮೋಸ ಮಾಡಿತು ಎಂಬುದೇ ಈ ಲೇಖನ.

ನಮ್ಮ ರೈಲ್ವೆಯವರ ಹೆಸರಿನ ಪದ್ಧತಿ ಮೂಲದಲ್ಲಿ ಬಹಳ ಒಳ್ಳೆಯದು, ಇದನ್ನು ನಾನು ಮೊದಲೇ ಒಪ್ಪುತ್ತೇನೆ. ಮೊದಲ ಅಕ್ಷರ ಹಳಿಯ ಅಗಲ. ಡಬ್ಲ್ಯು ಎಂದರೆ ಅಗಲ ಹಳಿ, 1676 ಮಿಲಿಮೀಟರ್. ವೈ ಎಂದರೆ ಮೀಟರ್‌ಗೇಜ್, ಮೀಟರು ಗಜಕ್ಕೆ ಹತ್ತಿರ ಅಂತ ಇಂಗ್ಲಿಷಿನ ‘ಯಾರ್ಡ್’ ಪದದ ಮೊದಲಕ್ಷರ. ಝಡ್ ಎಂದರೆ ಎರಡೂವರೆ ಅಡಿ, ಎನ್ ಎಂದರೆ ಎರಡು ಅಡಿ. ಎರಡನೆಯ ಅಕ್ಷರ ಎಂಜಿನ್ನಿನ ಆಹಾರ: ಡಿ ಆದರೆ ಡೀಸೆಲ್, ಎ ಆದರೆ ಎ.ಸಿ. ವಿದ್ಯುತ್, ಸಿ ಆದರೆ ಡಿ.ಸಿ. ವಿದ್ಯುತ್. ಮೂರನೆಯದು ಕೆಲಸ: ಪಿ ಪ್ರಯಾಣಿಕರಿಗೆ, ಜಿ ಗೂಡ್ಸಿಗೆ, ಎಂ ಎರಡಕ್ಕೂ, ಎಸ್ ಶಂಟಿಂಗಿಗೆ. ಕೊನೆಗೆ ಒಂದು ಅಂಕಿ. ಉಗಿ ಎಂಜಿನ್ನಿನ ಕಾಲದಲ್ಲಿ ಎರಡೇ ಅಕ್ಷರ ಸಾಕಾಗುತ್ತಿತ್ತು. ನಮ್ಮ ತಾತ ‘ವೈಪಿ’, ‘ವೈಜಿ’ ಅಂತ ಮನೆಯ ದನಗಳ ಹೆಸರಿನ ಹಾಗೆ ಹೇಳುತ್ತಿದ್ದರು. ಇದೇ ಬಂಗಾಳದ ಚಿತ್ತರಂಜನ್ ಕಾರ್ಖಾನೆಯಲ್ಲಿ 1950ರಲ್ಲಿ ಮೊದಲು ತಯಾರಾದ ‘ದೇಶಬಂಧು’ ಡಬ್ಲ್ಯು.ಜಿ. ಜಾತಿಯದು, ಅಂದರೆ ಅಗಲ ಹಳಿಯ ಗೂಡ್ಸ್ ಎಂಜಿನ್.

ಇದರಲ್ಲಿ ಏನು ಚೆಂದ ಅಂದರೆ, ಕಂಪನಿ ಯಾವುದು, ಸಾಹೇಬ ಯಾರು, ಯಾವ ದೇಶದಿಂದ ಬಂತು ಎಂಬುದು ಹೆಸರಿನಲ್ಲಿ ಇಲ್ಲ. ನಿನ್ನ ದಾರಿ ಯಾವುದು, ನಿನ್ನ ಅನ್ನ ಯಾವುದು, ನಿನ್ನ ಕಸುಬು ಯಾವುದು ಎಂಬ ಮೂರೇ ಪ್ರಶ್ನೆ. ಮನುಷ್ಯರಿಗೂ ಹೀಗೇ ಹೆಸರಿಟ್ಟಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು ಎಂದು ಒಮ್ಮೊಮ್ಮೆ ನನಗೆ ಅನ್ನಿಸುತ್ತದೆ.

ತೊಂದರೆ ಇರುವುದು ಕೊನೆಯ ಅಂಕಿಯಲ್ಲಿ. ಮೊದಲು ಅದು ಬರೀ ಸರದಿ. 1957-58ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ನೂರು ಡೀಸೆಲ್ ಎಂಜಿನ್ ಬಂದವು, ಅವು ಡಬ್ಲ್ಯು.ಡಿ.ಎಂ.-1. ಶಕ್ತಿ 1950. ಆಮೇಲೆ 1962ರಿಂದ ಬಂದದ್ದು ಡಬ್ಲ್ಯು.ಡಿ.ಎಂ.-2. ಶಕ್ತಿ 2600, ಹದಿನಾರು ಸಿಲಿಂಡರ್. ವಾರಾಣಸಿಯ ಡೀಸೆಲ್ ಕಾರ್ಖಾನೆಯಲ್ಲಿ 1964ರಿಂದ ತಯಾರಾಗಿ ದೇಶದ ಉದ್ದಗಲ ಎಳೆದದ್ದು ಇದೇ. 1970ರ ಸುಮಾರಿಗೆ ಜರ್ಮನಿಯ ಹೆನ್ಶೆಲ್ ಕಂಪನಿಯಿಂದ ಬಂದ ಕೆಲವೇ ಎಂಜಿನ್ನುಗಳು ಡಬ್ಲ್ಯು.ಡಿ.ಎಂ.-3. 1980ರ ದಶಕದ ಕೊನೆಗೆ ಬಂದದ್ದು ಡಬ್ಲ್ಯು.ಡಿ.ಎಂ.-7. ಇದರ ಶಕ್ತಿ 2000 ಮಾತ್ರ. ಅಂಕಿ ಏಳು, ಶಕ್ತಿಯಲ್ಲಿ ಎರಡಕ್ಕಿಂತ ಕಡಿಮೆ. ಆದರೂ ತಪ್ಪಿಲ್ಲ. ಏಳನೆಯ ಮಗ ಎರಡನೆಯ ಮಗನಿಗಿಂತ ಗಟ್ಟಿ ಇರಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

2002ರಲ್ಲಿ ನಿಯಮ ಬದಲಾಯಿತು. ಇನ್ನು ಮೇಲೆ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಅಂಕಿ ಎಂದರೆ ಎಷ್ಟು ಸಾವಿರ ಅಶ್ವಶಕ್ತಿ ಅಂತ. ಅದರ ಮುಂದಿನ ಅಕ್ಷರ ನೂರುಗಳನ್ನು ಹೇಳುತ್ತದೆ. ಎ ಎಂದರೆ ನೂರು, ಬಿ ಎಂದರೆ ಇನ್ನೂರು, ಸಿ ಎಂದರೆ ಮುನ್ನೂರು. ಅದರಂತೆ ಡಬ್ಲ್ಯು.ಡಿ.ಎಂ.-2ಸಿ ಎಂದಿದ್ದದ್ದು ಡಬ್ಲ್ಯು.ಡಿ.ಎಂ.-3ಎ ಆಯಿತು, ಅಂದರೆ 3100. ಗೂಡ್ಸಿನ ಡಬ್ಲ್ಯು.ಡಿ.ಜಿ.-2 ಎಂಬುದು ಡಬ್ಲ್ಯು.ಡಿ.ಜಿ.-3ಎ ಆಯಿತು. ಆಲೋಚನೆ ಒಳ್ಳೆಯದೇ. ಹೆಸರು ನೋಡಿದ ಕೂಡಲೆ ಶಕ್ತಿ ತಿಳಿಯುತ್ತದಲ್ಲ! ನಾನು ಓದಿಕೊಂಡಿದ್ದದ್ದೂ ಇದನ್ನೇ.

ಆದರೆ ನೋಡಿ, ಹಳೆಯ ಡಬ್ಲ್ಯು.ಡಿ.ಎಂ.-2 ಹಾಗೇ ಉಳಿಯಿತು. ಶಂಟಿಂಗಿನ ಡಬ್ಲ್ಯು.ಡಿ.ಎಸ್.-6 ಹಾಗೇ ಉಳಿಯಿತು. ಒಂದೇ ಯಾರ್ಡಿನಲ್ಲಿ ಅಕ್ಕಪಕ್ಕ ನಿಂತ ಎರಡು ಎಂಜಿನ್, ಒಂದರ ಅಂಕಿ ಸರದಿ ಹೇಳುತ್ತದೆ, ಇನ್ನೊಂದರ ಅಂಕಿ ಸಾವಿರ ಹೇಳುತ್ತದೆ. ಹಣೆ ಮೇಲೆ ಯಾವ ಗುರುತೂ ಇಲ್ಲ. ಈಗ ಬಿಹಾರದ ಮಢೌರಾದಲ್ಲಿ ತಯಾರಾದ ಡಬ್ಲ್ಯು.ಡಿ.ಜಿ.-6ಜಿ ಇದೆ, ಅದು ನಿಜವಾಗಿಯೂ ಆರು ಸಾವಿರ. ನಾನು ನೋಡಿದ ಡಬ್ಲ್ಯು.ಡಿ.ಎಸ್.-6 ಅದರ ಕಾಲು ಭಾಗವೂ ಇಲ್ಲ. ಎರಡರಲ್ಲೂ ಆರೇ! ಬಾಲಿಗಂಜಿನಲ್ಲಿ ನನ್ನ ಮರ್ಯಾದೆ ಹೋದದ್ದು ಇಲ್ಲೇ.

ಹೋಗಲಿ, ಹೊಸ ನಿಯಮವನ್ನಾದರೂ ಸರಿಯಾಗಿ ನಡೆಸಿದರೇ? ಡಬ್ಲ್ಯು.ಡಿ.ಎಂ.-3ಡಿ ಎಂದರೆ ಲೆಕ್ಕದ ಪ್ರಕಾರ 3400 ಆಗಬೇಕು, ಇರುವುದು 3300. ಡಬ್ಲ್ಯು.ಡಿ.ಜಿ.-4ಡಿ ಎಂದರೆ 4400 ಆಗಬೇಕು, ಇರುವುದು 4500. ಅಲ್ಲಿಯ ಡಿ ನೂರುಗಳ ಡಿ ಅಲ್ಲವಂತೆ, ಎರಡು ಕಡೆಯೂ ಚಾಲಕರ ಕೋಣೆ ಇರುವುದರ ಡಿ. ಅಂದರೆ ಆ ಒಂದು ಹೆಸರಿನಲ್ಲಿ ಎರಡು ಡಿ, ಎರಡಕ್ಕೂ ಬೇರೆ ಬೇರೆ ಅರ್ಥ. ವಿದ್ಯುತ್ ಎಂಜಿನ್ನುಗಳ ಕಡೆ ನೋಡಿದರೆ ಡಬ್ಲ್ಯು.ಎ.ಪಿ.-7, ಡಬ್ಲ್ಯು.ಎ.ಜಿ.-9 ಇವೆಲ್ಲ ಹಳೆಯ ಸರದಿಯವೇ, ಆದರೆ ಮಾಧೇಪುರದ ಡಬ್ಲ್ಯು.ಎ.ಜಿ.-12 ಮಾತ್ರ ಹನ್ನೆರಡು ಸಾವಿರ ಅಶ್ವಶಕ್ತಿಯ ಹನ್ನೆರಡು. ಇದನ್ನೆಲ್ಲ ಕಂಠಪಾಠ ಮಾಡಿದವನಿಗೆ ಹೆಸರೇ ಬೇಕಾಗಿಲ್ಲ, ದೂರದಿಂದ ಸದ್ದು ಕೇಳಿಯೇ ಹೇಳುತ್ತಾನೆ.

ನಾವು ಬಿ.ಕಾಂ. ಹುಡುಗರು ಮೊದಲ ವರ್ಷವೇ ಒಂದು ಪಾಠ ಓದುತ್ತೇವೆ, ಕನ್ಸಿಸ್ಟೆನ್ಸಿ ಅಂತ. ಒಂದು ವರ್ಷ ಸವಕಳಿಯನ್ನು ಒಂದು ಪದ್ಧತಿಯಲ್ಲಿ ಹಾಕಿದರೆ ಮುಂದಿನ ವರ್ಷವೂ ಅದೇ ಪದ್ಧತಿ. ಬದಲಾಯಿಸಲೇ ಬಾರದು ಅಂತಿಲ್ಲ. ಕಾರಣ ಇದ್ದರೆ ಬದಲಾಯಿಸು, ಆದರೆ ಜಮಾಖರ್ಚಿನ ಕೆಳಗೆ ಟಿಪ್ಪಣಿ ಹಾಕು: ಇಂಥ ವರ್ಷದಿಂದ ಪದ್ಧತಿ ಬದಲಾಗಿದೆ, ಅದರಿಂದ ಇಷ್ಟು ವ್ಯತ್ಯಾಸವಾಗಿದೆ ಅಂತ. ಯಾಕೆ? ಲೆಕ್ಕ ಬರೆದವನಿಗೆ ಎಲ್ಲ ಗೊತ್ತಿರುತ್ತದೆ, ಷೇರು ಕೊಂಡ ಹಳ್ಳಿಯ ಮೇಷ್ಟ್ರಿಗೆ ಗೊತ್ತಿರುವುದಿಲ್ಲ. ಟಿಪ್ಪಣಿ ಇರುವುದು ಆ ಮೇಷ್ಟ್ರಿಗಾಗಿ. ಎಂಜಿನ್ನಿನ ಹಣೆಯ ಮೇಲೆ ಅಂಥ ಟಿಪ್ಪಣಿ ಇಲ್ಲ ಎಂಬುದೇ ನನ್ನ ತಕರಾರು.

ಇಂಗ್ಲೆಂಡಿನವರು ಈ ಕೆಲಸವನ್ನು ಬೇರೆ ರೀತಿ ಮಾಡಿದರು. ಅವರೂ ಮೊದಲು ಡೀಸೆಲ್ ಎಂಜಿನ್ನುಗಳನ್ನು ಶಕ್ತಿಯ ಮೇಲೆ ಐದು ತರಗತಿ ಮಾಡಿಕೊಂಡಿದ್ದರು. ಸಾವಿರದ ಒಳಗಿನದು ಒಂದನೆಯದು, ಮೂರು ಸಾವಿರ ದಾಟಿದ್ದು ಐದನೆಯದು. ನಂಬರಿನ ಮುಂದೆ ಡೀಸೆಲ್ ಎಂದು ತಿಳಿಯಲು ಒಂದು ಡಿ. 1968ರಲ್ಲಿ ಅಲ್ಲಿ ಉಗಿ ಎಂಜಿನ್ ಮುಗಿಯಿತು, ಡಿ ಬೇಡವಾಯಿತು. ಆಮೇಲೆ ಅಮೆರಿಕದ ಒಂದು ರೈಲ್ವೆಯಿಂದ ‘ಟಾಪ್ಸ್’ ಎಂಬ ಗಣಕಯಂತ್ರದ ವ್ಯವಸ್ಥೆ ತಂದರು. ಯಂತ್ರಕ್ಕೆ ಗೊಂದಲ ಆಗಬಾರದಲ್ಲ, ಅದಕ್ಕೆ 1970ರ ದಶಕದಲ್ಲಿ ಎಲ್ಲ ಎಂಜಿನ್ನುಗಳಿಗೂ ಹೊಸ ನಂಬರು ಬರೆದರು. ಮೊದಲ ಎರಡು ಅಂಕಿ ಜಾತಿ, ಮುಂದಿನ ಮೂರು ಅಂಕಿ ಕ್ರಮ. 47 401 ಎಂದರೆ 47ನೆಯ ಜಾತಿಯ ಎಂಜಿನ್. 08ರಿಂದ ಶುರುವಾದರೆ ಶಂಟಿಂಗಿನದು. 55 ಎಂದರೆ ‘ಡೆಲ್ಟಿಕ್’ ಎಂಬ 3300 ಅಶ್ವಶಕ್ತಿಯ ಪ್ರಚಂಡ, ಇದ್ದದ್ದು ಇಪ್ಪತ್ತೆರಡೇ. ಸ್ಥೂಲವಾಗಿ ಅಂಕಿ ಏರಿದಂತೆ ಶಕ್ತಿಯೂ ಏರುತ್ತಿತ್ತು.

ನಮ್ಮಲ್ಲಿ ಜಾತಿ ಬೇರೆ ಬರೆಯುತ್ತಾರೆ, ಐದಂಕಿಯ ನಂಬರು ಬೇರೆ ಬರೆಯುತ್ತಾರೆ. 36ರಿಂದ ಶುರುವಾದರೆ ಡಬ್ಲ್ಯು.ಡಿ.ಎಸ್.-6 ಎಂದು ಬಲ್ಲವರು ಬಲ್ಲರು. ಡಬ್ಲ್ಯು.ಡಿ.ಎಂ.-2 ಮಾತ್ರ 16, 17, 18 ಮೂರು ಸಾಲಿನಲ್ಲೂ ಹರಡಿಕೊಂಡಿತ್ತು. ಇಂಗ್ಲೆಂಡಿನಲ್ಲಿ ನಂಬರೇ ಜಾತಿಯನ್ನು ಹೊತ್ತಿರುತ್ತದೆ, ಒಂದು ಸಲ ಓದಿದರೆ ಸಾಕು. ಈ ಒಂದು ವಿಷಯದಲ್ಲಿ ಅವರದು ಮೇಲು. ಆದರೆ ಅವರ ಅಂಕಿ ತಾನಾಗಿ ಏನನ್ನೂ ಹೇಳುವುದಿಲ್ಲ. 47 ಎಂದರೆ ಗೂಡ್ಸೋ ಪ್ಯಾಸೆಂಜರೋ? ಪುಸ್ತಕ ತೆಗೆದು ನೋಡಬೇಕು. ನಮ್ಮ ಅಕ್ಷರ ಕೆಲಸವನ್ನು ಹೇಳುತ್ತದೆ. ಅವರ ನಿಯಮವೂ ಸವೆಯದೆ ಉಳಿಯಲಿಲ್ಲ ಎನ್ನುವುದನ್ನೂ ಹೇಳಬೇಕು. 1998ರಲ್ಲಿ ಬಂದ 66ನೆಯ ಜಾತಿಯ ಶಕ್ತಿ ಹಳೆಯ 55ರಷ್ಟೇ.

ಇಲ್ಲಿ ನನಗೆ ಖುಷಿ ಕೊಟ್ಟ ಒಂದು ಸಂಗತಿ. ಇಂಗ್ಲೆಂಡಿನ ಆ 66ರ ಹೊಟ್ಟೆಯಲ್ಲಿರುವುದು ಅಮೆರಿಕದ ಇ.ಎಂ.ಡಿ. ಕಂಪನಿಯ 710 ಎಂಬ ವಂಶದ ಹನ್ನೆರಡು ಸಿಲಿಂಡರಿನ ಯಂತ್ರ. ನಮ್ಮ ಹುಬ್ಬಳ್ಳಿ ಶೆಡ್ಡಿಗೆ 1999ರ ಹೊತ್ತಿಗೆ ಬಂದ ಡಬ್ಲ್ಯು.ಡಿ.ಜಿ.-4ರ ಹೊಟ್ಟೆಯಲ್ಲಿ ಅದೇ ವಂಶದ ಹದಿನಾರು ಸಿಲಿಂಡರು. ಹುಬ್ಬಳ್ಳಿಗೂ ಇಂಗ್ಲೆಂಡಿಗೂ ದಾಯಾದಿ ಸಂಬಂಧ! ಎರಡೂ ಹೆಸರನ್ನು ಪಕ್ಕಪಕ್ಕ ಇಟ್ಟರೆ ಇದು ಗೊತ್ತಾಗುವುದೇ ಇಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಆ ರಾತ್ರಿ ಶಂಟರ್ ತಾತ ಎದ್ದು ಹೋಗುವಾಗ ಕೇಳಿದರು, ‘ನಿಮ್ಮ ಕಡೆ ಮೀಟರ್‌ಗೇಜಿನ ವೈ.ಡಿ.ಎಂ.-4 ಓಡುತ್ತಿತ್ತಲ್ಲ, ನೋಡಿದ್ದೀಯಾ?’ ನಾನು ನೋಡಿಲ್ಲ. ನಾನು ಹುಟ್ಟುವಷ್ಟರಲ್ಲಿ ಅರಸೀಕೆರೆಯ ಮೀಟರ್‌ಗೇಜ್ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿಯಾಗಿತ್ತು. ಆದರೆ ತಾತನ ಬಾಯಲ್ಲಿ ಆ ಹೆಸರು ಸಾವಿರ ಸಲ ಕೇಳಿದ್ದೇನೆ. ಅವರು ಬಿಚ್ಚಿ ಜೋಡಿಸುತ್ತಿದ್ದದ್ದು ಅದನ್ನೇ. ಶಂಟರ್ ಹೇಳಿದರು, ‘ಇದರ ಹೊಟ್ಟೆಯಲ್ಲಿರುವುದೂ ಅದೇ ಯಂತ್ರ. ಆಲ್ಕೊ 251, ಆರು ಸಿಲಿಂಡರ್, ಒಂದೇ ಸಾಲು.’

ನಾನು ಸುಮ್ಮನೆ ನಿಂತುಬಿಟ್ಟೆ. ವೈ.ಡಿ.ಎಂ.-4, ಡಬ್ಲ್ಯು.ಡಿ.ಎಸ್.-6. ಹಳಿ ಬೇರೆ, ಕೆಲಸ ಬೇರೆ, ಅಂಕಿ ಬೇರೆ. ಎದೆಬಡಿತ ಒಂದೇ. ಅರಸೀಕೆರೆಯಲ್ಲಿ ತಾತನ ಕೈಗೆ ಎಣ್ಣೆ ಹತ್ತಿಸಿದ ಯಂತ್ರ, ಅವರು ತೀರಿಕೊಂಡ ಮೇಲೆ, ಕಸ್ಬಾದ ಪಕ್ಕದಲ್ಲಿ ಜಲ್ಲಿ ಎಳೆಯುತ್ತ ನನ್ನ ಮುಂದೆ ನಿಂತಿತ್ತು. ನನಗೆ ಗುರುತು ಸಿಕ್ಕಲಿಲ್ಲ.

ಮನೆಗೆ ಬಂದು ಭಾವನ ಹತ್ತಿರ ಹೇಳಿಕೊಂಡೆ. ಅವರು ಅಂದರು, ‘ಅಲ್ವೋ, ನಿಂಗ್ಯಾಕೆ ಅದೆಲ್ಲ? ಗೊತ್ತಿರಬೇಕಾದೋರಿಗೆ ಗೊತ್ತಿರುತ್ತೆ. ಡ್ರೈವರಿಗೆ ಗೊತ್ತು, ಫಿಟ್ಟರಿಗೆ ಗೊತ್ತು, ಶೆಡ್ಡಿನೋರಿಗೆ ಗೊತ್ತು. ಗಾಡಿ ಓಡ್ತಾ ಇದೆ ತಾನೆ?’

ಭಾವನ ಮಾತಿನಲ್ಲಿ ನ್ಯಾಯ ಇಲ್ಲವೆನ್ನಲಾರೆ. ಗಾಡಿ ಓಡುತ್ತಿದೆ. ಇದರಿಂದ ಯಾವ ಅಪಘಾತವೂ ಆಗಿಲ್ಲ. ರೈಲ್ವೆಯವರಿಗೆ ಎಂಜಿನ್ನುಗಳನ್ನೆಲ್ಲ ಮತ್ತೆ ಬಣ್ಣ ಬಳಿಯುವುದಕ್ಕಿಂತ ಹೆಚ್ಚಿನ ಕೆಲಸಗಳಿವೆ. ಆದರೆ ‘ಗೊತ್ತಿರಬೇಕಾದೋರಿಗೆ ಗೊತ್ತಿರುತ್ತೆ’ ಎಂಬ ಮಾತನ್ನು ನಾನು ಇನ್ನೊಂದು ಕಡೆಯೂ ಕೇಳಿದ್ದೇನೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಕಾಮರ್ಸಿಗೆ ಸೇರಿದ ಮೊದಲ ವಾರ ನನಗೆ ‘ಡೆಬಿಟ್’ ಯಾವುದು ‘ಕ್ರೆಡಿಟ್’ ಯಾವುದು ತಿಳಿಯದೆ ತಲೆ ತಿರುಗಿತ್ತು. ನಮ್ಮ ಬೀದಿಯ ಅಂಗಡಿ ಶೆಟ್ಟರ ಖಾತೆ ಪುಸ್ತಕದಲ್ಲಿ ಜಮಾ, ಖರ್ಚು ಎಂದು ಬರೆದದ್ದನ್ನು ಹತ್ತು ವರ್ಷದಿಂದ ನೋಡುತ್ತಿದ್ದ ನನಗೆ ಅದೇ ಇದು ಎಂದು ಹೇಳುವವರಿರಲಿಲ್ಲ. ಎದ್ದು ನಿಂತು ಕೇಳಿದಾಗ ಹಿಂದಿನ ಬೆಂಚಿನಲ್ಲಿ ನಗು. ಗೊತ್ತಿರುವವರಿಗೆ ಗೊತ್ತಿತ್ತು. ಗೊತ್ತಿಲ್ಲದ ನಾವು ಏಳೆಂಟು ಜನ ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆವು. ಅವರಲ್ಲಿ ಇಬ್ಬರು ಕಾಲೇಜು ಬಿಟ್ಟೇ ಬಿಟ್ಟರು.

ಹೆಸರು ಇರುವುದು ಗೊತ್ತಿಲ್ಲದವನಿಗಾಗಿ. ಗೊತ್ತಿರುವವನಿಗೆ ಹೆಸರಿನ ಹಂಗಿಲ್ಲ. ಬಸ್ಸಿನ ಬೋರ್ಡು ದಿನಾ ಓಡಾಡುವವನಿಗೆ ಬೇಕಿಲ್ಲ, ಮೊದಲ ಸಲ ಬಂದ ಅಜ್ಜಿಗೆ ಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಖಲಾಸಿ, ಪರೀಕ್ಷೆಗೆ ಓದುವ ನನ್ನ ಬಂಗಾಳಿ ಗೆಳೆಯ, ಸೇತುವೆಯ ಮೇಲೆ ನಿಂತ ನನ್ನಂಥ ದಾರಿಹೋಕ, ಇವರು ಓದಿದಾಗ ಸುಳ್ಳಾಗದ ಹೆಸರು ಬೇಕು ಎಂಬುದಿಷ್ಟೇ ನನ್ನ ವಾದ.

ಇದನ್ನು ಈಗ ಯಾಕೆ ಹೇಳಬೇಕೆಂದರೆ, ಡೀಸೆಲ್ಲಿನ ಕಾಲ ಮುಗಿಯುತ್ತಿದೆ. ಬ್ರಾಡ್‌ಗೇಜ್ ಹಳಿಗಳ ಮೇಲೆ ಬಹುಪಾಲು ಕಡೆ ವಿದ್ಯುತ್ ತಂತಿ ಬಂದಿದೆ. ವಾರಾಣಸಿಯ ಡೀಸೆಲ್ ಕಾರ್ಖಾನೆಯ ಹೆಸರಿನಿಂದ ‘ಡೀಸೆಲ್’ ಎಂಬ ಪದವನ್ನೇ 2020ರಲ್ಲಿ ತೆಗೆದರು, ಈಗ ಅಲ್ಲಿ ತಯಾರಾಗುವುದು ವಿದ್ಯುತ್ ಎಂಜಿನ್. ಹಳೆಯ ಎಂಜಿನ್ನುಗಳು ಗುಜರಿಗೆ ಹೋಗುತ್ತಿವೆ. ಇದು ಆಗಬಾರದೆಂದು ನಾನು ಹೇಳುವುದಿಲ್ಲ, ಹೊಗೆ ಕುಡಿದವರಿಗೆ ಹೊಗೆಯ ಕಷ್ಟ ಗೊತ್ತು. ತಾತ ಕೊನೆಯವರೆಗೂ ಕೆಮ್ಮುತ್ತಿದ್ದರು. ಆದರೆ ಎಂಜಿನ್ ಹೋದ ಮೇಲೆ ಉಳಿಯುವುದು ಹೆಸರು ಮತ್ತು ನಂಬರು ಮಾತ್ರ. ಅದನ್ನು ಓದುವ ಕೀಲಿಕೈ ಕಳೆದುಹೋದರೆ ನಮ್ಮ ತಾತನಂಥವರು ನಲವತ್ತು ವರ್ಷ ಏನು ಮಾಡಿದರು ಎಂಬುದೂ ಕಳೆದುಹೋದಂತೆಯೇ.

ದೊಡ್ಡ ಸಲಹೆ ಕೊಡುವ ಯೋಗ್ಯತೆ ನನಗಿಲ್ಲ. ಎರಡು ಸಣ್ಣ ಮಾತು ಹೇಳುತ್ತೇನೆ. ಒಂದು, ಮುಂದೆ ಯಾವುದೇ ಹೊಸ ಜಾತಿಯ ಎಂಜಿನ್ನಿಗೆ ಹೆಸರಿಡುವಾಗ ಒಂದೇ ನಿಯಮಕ್ಕೆ ಅಂಟಿಕೊಳ್ಳಲಿ, ಸರದಿಯಾದರೆ ಸರದಿ, ಸಾವಿರವಾದರೆ ಸಾವಿರ. ಎರಡು, 1979ರಿಂದ ಇರುವ ಮೈಸೂರಿನ ರೈಲು ಸಂಗ್ರಹಾಲಯದಲ್ಲಿ, 2020ರಲ್ಲಿ ತೆರೆದ ಹುಬ್ಬಳ್ಳಿಯದರಲ್ಲಿ ಇಂಥ ಹೆಸರು ಹೊತ್ತ ಎಂಜಿನ್ನಿನ ಪಕ್ಕದಲ್ಲೆಲ್ಲ ನಾಲ್ಕು ಸಾಲಿನ ಒಂದು ಹಲಗೆ ಇರಲಿ, ಕನ್ನಡದಲ್ಲಿ. ಅಗಲ ಇದು, ಆಹಾರ ಇದು, ಕಸುಬು ಇದು, ಅಂಕಿಯ ಅರ್ಥ ಇದು. ಹಾವಡಾದ ಸಂಗ್ರಹಾಲಯದಲ್ಲಿ ಅದೇ ನಾಲ್ಕು ಸಾಲು ಬಂಗಾಳಿಯಲ್ಲಿ ಇರಲಿ. ಮಕ್ಕಳು ಎಂಜಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಪಾಪ, ಅದರ ಹೆಸರನ್ನು ಓದಲಿ.

ಪಂದ್ಯದ ವಿಷಯ ಹೇಳದೆ ಮುಗಿಸಿದರೆ ಲೆಕ್ಕ ಬಾಕಿ ಉಳಿಯುತ್ತದೆ. ಇಬ್ಬರೂ ಸೋತಿದ್ದರಿಂದ ಫುಚ್ಕಾದ ದುಡ್ಡನ್ನು ಅರ್ಧರ್ಧ ಹಾಕಿದೆವು. ಗೆದ್ದವರು ಶಂಟರ್ ತಾತ, ಅವರಿಗೆ ಒಂದು ತಟ್ಟೆ ಕೊಡಿಸಲು ಮರುದಿನ ಹೋದೆವು. ಹಲ್ಲಿಲ್ಲ, ಬೇಡ ಅಂದರು. ಚಹಾ ಮಾತ್ರ ಕುಡಿದರು. ನಾನು ನೋಟ್‌ಬುಕ್ಕಿನಲ್ಲಿ ಆ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದು, ಹಿಂದಿಯಲ್ಲಿ ಓದಿ ಹೇಳಿದೆ. ಗೆಳೆಯ ಅದನ್ನು ಬಂಗಾಳಿಯಲ್ಲಿ ಬರೆದುಕೊಂಡ. ಮುದುಕಪ್ಪ ಕನ್ನಡಕ ಏರಿಸಿ ಓದಿ, ಒಂದು ಕಡೆ ತಿದ್ದಿದರು.

— ದ್ವಿತೀಯ ಬಿ.ಕಾಂ. ವಿದ್ಯಾರ್ಥಿ